ಒಳಮುಚ್ಚಳ

ಬೆಂಡಿಗೋದ ಭಾನುವಾರದ ಸಂತೆ.
ಕಾರಿನ ಡಿಕ್ಕಿ ತೆರೆದರೆ ಅದೇ ಅಂಗಡಿ.
ಟ್ರೆವೀನಾ ಮುದುಕನದು ಮಾತ್ರ ಮಡಚುವ ಮೇಜು,
ಮೇಲೊಂದು ಬಿಸ್ಕತ್ತಿನ ಡಬ್ಬಿ, ಡಬ್ಬಿಯ ತುಂಬ
ಪಟ್ಟಿ ಕಳಚಿದ ಕೈಗಡಿಯಾರಗಳು.
ಬೊಗಸೆಯಲ್ಲೆತ್ತಿದರೆ ಕವಡೆಯ ಸದ್ದು.

ಏಳು ಗಂಟೆಗೇ ಬಂದಿದ್ದೇನೆ. ತಡವಾದರೆ
ಮೆಲ್ಬರ್ನಿನ ವ್ಯಾಪಾರಿಗಳು ಬಂದು ಆರಿಸಿಬಿಡುತ್ತಾರೆ,
ಅಕ್ಕಿಯಲ್ಲಿ ಕಲ್ಲು ಆರಿಸಿದಂತಲ್ಲ,
ಕಲ್ಲಿನಲ್ಲಿ ಅಕ್ಕಿ.

"ಕೈಗಳು ಅಸಲಿ," ಅನ್ನುತ್ತಾನೆ ಅವನು.
ಕೈ ಅಂದರೆ ಮುಳ್ಳು. ಇವರ ಗಡಿಯಾರಕ್ಕೆ ಕೈಯಿದೆ,
ನಮ್ಮದಕ್ಕೆ ಮುಳ್ಳು.
ಹೊತ್ತು ತೋರಿಸುವುದನ್ನೂ ಚುಚ್ಚುವುದನ್ನೂ
ಒಂದೇ ಮಾತಿನಲ್ಲಿ ಮುಗಿಸಿದವರು ನಾವು.

ನನ್ನ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು.
ವಾರವಿಡೀ ಮೇಣ, ಅಚ್ಚು, ಪಿಂಗಾಣಿಯ ಸಾಲು.
ಎಂಬತ್ತು ದಾಟಿದವರಿಗೂ ಹಾಲಿನ ಬಿಳುಪೇ ಬೇಕು.
ಭಾನುವಾರ ಮಾತ್ರ ನಾನು ಹಳದಿಯನ್ನು ಹುಡುಕುತ್ತೇನೆ,
ಚಹಾ ಚೆಲ್ಲಿ ಒರೆಸಿದಂಥ, ಬಿಸಿಲು ಕುಡಿದ ಮುಖ.
ಸುಣ್ಣ ಬಳಿದು ಹೊಸ ಅಂಕಿ ಬರೆದದ್ದು ಕೈಗೆ ಬಂದರೆ
ಡಬ್ಬಿಗೇ ಮರಳಿಸುತ್ತೇನೆ,
ಮೊದಲ ವರ್ಷ ಅಂಥವೇ ಮೂರು ಕೊಂಡದ್ದನ್ನು
ಯಾರಿಗೂ ಹೇಳದೆ.

ಇದು ನಿಂತಿತ್ತು. ನಾಲ್ಕೂ ಹತ್ತಕ್ಕೆ.
ಬೆನ್ನಿನ ಮೇಲೆ ಕೆತ್ತನೆ: ಆಂಬ್ರೋಸ್ ಕಿಟ್ಟೊಗೆ,
ಇಪ್ಪತ್ತೈದು ವರ್ಷದ ದುಡಿಮೆಗೆ, ರೈಲ್ವೆಯಿಂದ.
ಕಿಟ್ಟೊ! ನಮ್ಮ ಓಣಿಯಲ್ಲೂ ಒಬ್ಬ ಕಿಟ್ಟು ಇದ್ದ,
ಯಾವತ್ತೂ ಹೊತ್ತಿಗೆ ಬಂದವನಲ್ಲ.
ತೊಂಬತ್ತು ಡಾಲರ್ ಅಂದ ಮುದುಕ. ನಲವತ್ತು ಅಂದೆ,
ನಿಂತದ್ದಕ್ಕೆ ಅದೇ ಹೆಚ್ಚು.
"ದಿನಕ್ಕೆರಡು ಸಲ ಸರಿಯಾಗೇ ತೋರಿಸುತ್ತೆ."
ಆ ಹಳೇ ಜೋಕಿಗೆಂದು ಹತ್ತು ಸೇರಿಸಿ ಕೊಟ್ಟೆ.

ರಾತ್ರಿ ಅಡುಗೆಮನೆಯ ಮೇಜು, ಬಿಳಿ ಬಟ್ಟೆ,
ಕಣ್ಣಿಗೆ ಲ್ಯಾಬಿನ ಭೂತಗನ್ನಡಿ.
ಒಳಗೆ ಹದಿನೇಳು ಕೆಂಪು ಕಲ್ಲು,
ನನ್ನ ಮೂಗುಬೊಟ್ಟಿಗಿಂತ ಹತ್ತು ಹೆಚ್ಚು.
ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನುತ್ತಾರೆ;
ಸುಳ್ಳು. ಸಣ್ಣ ಸನ್ನೆಕೋಲಿನಿಂದ, ಉಸಿರು ಬಿಗಿಹಿಡಿದು.
ಒಂದು ಸ್ಕ್ರೂ ಸಿಡಿಯಿತು, ಸಾಸಿವೆಯ ಕಾಲುಭಾಗ.
"ಬಿದ್ದದ್ದು ಸಿಗೂತನಕ ಕಸಾ ಹೊಡೀಬ್ಯಾಡ" ಅನ್ನುತ್ತಿದ್ದಳು
ಗದಗಿನ ಅತ್ತೆ, ಬೆಂಡೋಲೆಯ ತಿರುಪು ಕಳೆದಾಗಲೆಲ್ಲ.
ಟಾರ್ಚು ಹಿಡಿದು ನೆಲದ ಮೇಲೆ ಮುಕ್ಕಾಲು ಗಂಟೆ.
ಸಿಕ್ಕಿತು, ನನ್ನದೇ ಕಾಲುಚೀಲದಲ್ಲಿ.

ಮುಚ್ಚಳದ ಒಳಮೈ ನೋಡಿದ್ದು ಆಮೇಲೆ.
ಸೂಜಿಯಲ್ಲಿ ಗೀರಿದ ಅಕ್ಷರ, ಇರುವೆಯ ಹೆಜ್ಜೆ:
ಜೆ.ಪಿ., ಐವತ್ತೆಂಟು. ಮತ್ತೆ ಜೆ.ಪಿ., ಅರವತ್ತಮೂರು.
ಡಬ್ಲ್ಯು.ಎಚ್., ಎಣ್ಣೆ ಮಾತ್ರ. ಆಮೇಲೊಬ್ಬ
ಹೆಸರು ಹಾಕದೆ ಬರೀ ಇಸವಿ, ಎಪ್ಪತ್ತೊಂಬತ್ತು.
ಅಲ್ಲಿಂದಾಚೆ ನುಣುಪು ಉಕ್ಕು.
ಹೊರಗೆ ದಪ್ಪಕ್ಷರದಲ್ಲಿ ಕಟ್ಟಿಕೊಂಡವನು.
ಒಳಗೆ, ಚರ್ಮಕ್ಕೂ ಚಕ್ರಕ್ಕೂ ನಡುವೆ, ಬಿಚ್ಚಿದವರು,
ಮುಂದೆ ಬಿಚ್ಚುವವನಿಗೆ ಮಾತ್ರ ಕಾಣುವಂತೆ.

ನಾನು ಕಟ್ಟಿದ ಹಲ್ಲುಗಳಲ್ಲಿ ಎಲ್ಲೂ ನನ್ನ ಗುರುತಿಲ್ಲ.
ಈ ಊರಲ್ಲಿ ಎಷ್ಟೋ ಜನ
ನನ್ನ ಕೆಲಸವನ್ನು ಬಾಯಲ್ಲಿಟ್ಟುಕೊಂಡು
ಪೋಸ್ಟಾಫೀಸಿನ ಸಾಲಿನಲ್ಲಿ ನನಗೇ ನಗುತ್ತಾರೆ,
ಹವೆಯ ಬಗ್ಗೆ ಒಂದು ಮಾತಾಡಿ.

ತೊಳೆದೆ, ಒರೆಸಿದೆ, ಕಲ್ಲಿಗೊಂದು ಕಣ್ಣೆವೆಯಷ್ಟು ಎಣ್ಣೆ.
ಮೂರನೆಯ ರಾತ್ರಿ ಒಳಚಕ್ರ ನಡುಗಿತು,
ನಿಂತಿತು,
ಹೊರಳಿತು, ಹೊರಟಿತು.
ದಿನಕ್ಕೆ ನಾಲ್ಕು ನಿಮಿಷ ಮುಂದೋಡುತ್ತದೆ.
ರೈಲ್ವೆಯವನದು, ಓಡಲಿ.

ಮುಚ್ಚುವ ಮೊದಲು ಸೂಜಿ ತೆಗೆದುಕೊಂಡೆ.
ಎಸ್ ಅಂತ ಬರೆಯಬಹುದಿತ್ತು, ಸಾಲಿಮಠದ ಎಸ್;
ಇಲ್ಲಿಯವರ ನಾಲಿಗೆ ಅಲ್ಲಿಂದ ಮುಂದೆ ಹೋಗುವುದಿಲ್ಲ.
ಬರೆದದ್ದು ಕೊನೆಯ ಅಕ್ಷರ: ಠ.
ದುಂಡಗೊಂದು ಸುತ್ತು, ನಡುವೆ ಚುಕ್ಕೆ.
ಎಂದೋ ಯಾರೋ ಬಿಚ್ಚಿ, ಗಾಜು ಹಿಡಿದು,
ಅಕ್ಷರವೆಂದು ಗೊತ್ತಾಗದೆ
ಮುಳ್ಳು ಹಾಕಲು ಮರೆತ ಗಡಿಯಾರ ಅಂದುಕೊಂಡಾರು.
ಇಸವಿಗೆ ಜಾಗ ಸಾಲಲಿಲ್ಲ.