ತ್ಯಾಪಿ

ಶುಕ್ರವಾರ ಸಂಜಿಮುಂದ ಮಾಳಿಂಗ ಬಂದು
ಮಷೀನಿನ ಮ್ಯಾಲ ಒಂದು ಗಂಟು ಒಗದ.
ಬಿಚ್ಚಿದರ ಹಸರು ಟೆಂಟು.
ಮಂಗ್ಯಾ ಹರದದ್ದು, ಮೊಳದುದ್ದ.
“ನಾಳೆ ಹುಬ್ಬಳ್ಳಿಯಿಂದ ಎಂಟು ಹುಡುಗರು ಬರ್ತಾರ,
ಬಾದಾಮಿ ಹಿಂದಿನ ಗುಡ್ಡದಾಗ ಮಲಗಾಕ.
ಹ್ಯಾಂಗರ ಮಾಡಿ ಹೊಲದು ಕೊಡ್ರಿ, ಅಕ್ಕಾರ.”

ಮಲಗಾಕ ರೊಕ್ಕ ಕೊಡ್ತಾರೇನು?
ಕೊಡ್ತಾರ್ರಿ.
ಕಲ್ಲಿನ ಮ್ಯಾಲ?
ಕಲ್ಲಿನ ಮ್ಯಾಲ.
ಕಾಜಾ ಹಾಕಾಕತ್ತಿದ್ದ ಮೋದಿನಬಿ
ನಕ್ಕ ಹೊಡತಕ್ಕ ಸೂಜಿ ಕಳಕೊಂಡಳು.

ಅಂಥಾ ಅರಿವಿ ಗುಳೇದಗುಡ್ಡದಾಗ ಎಲ್ಲಿ ಸಿಗಬೇಕು?
ಯಾರದೋ ಕುಪ್ಪಸಕ್ಕ ಕತ್ತರಿಸಿ ಉಳಿದ
ಖಣದ ತುಂಡಿತ್ತು, ನೇರಳಿ ಬಣ್ಣದ್ದು,
ಮೈತುಂಬ ಆನಿಹೆಜ್ಜಿ.
ಎರಡು ಪದರ ಮಡಚಿ, ದಾರಕ್ಕ ಮೇಣಬತ್ತಿ ತಿಕ್ಕಿ
ಒಳಗೊಂದು ಸಾಲು ಹೊರಗೊಂದು ಸಾಲು ಎಳದೆ.
ಮಾಳಿಂಗ ತಿರುವಿ ಮುರುವಿ ನೋಡಿದ:
“ಗುಡ್ಡದ ಗಾಳಿ ತಡೀತದೇನ್ರಿ ಇದು?”
ಮೂವತ್ತು ವರ್ಷದಿಂದ ನನ್ನ ಹೊಲಿಗಿ
ಹಾಲುಣಿಸೋ ತಾಯಂದಿರ ಎದಿ ತಡದೈತಿ, ಅಂದೆ.
“ಹಂಗಾದ್ರ ನೀವ ಬಂದು ಒಂದು ರಾತ್ರಿ ಮಲಗಿ ನೋಡ್ರಿ.”

ಅಂವ ಚಾಷ್ಟಿಗೆ ಅಂದದ್ದು.
ನಾವು ಬುತ್ತಿ ಕಟ್ಟಿದ್ವಿ.
ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ.
ಮೋದಿನಬಿ ಮಗನಿಗೆ ಹೇಳಿದ್ದು ಬ್ಯಾರೆ:
ಬಾದಾಮಿ ಲಗ್ನದ ಮನಿಯಾಗ
ರಾತ್ರಿಯೆಲ್ಲ ಹೊಲಿಗಿ ಐತೆಪಾ.

ಆ ಹುಡುಗರು ಕೈಗೆ ಬಿಳಿ ಪುಡಿ ಹಚ್ಚಿಕೊಂಡು
ಕೆಂಪು ಕಲ್ಲು ತಬ್ಬಿ ತಬ್ಬಿ ಏರಿದರು,
ಬಿದ್ದರು, ಮತ್ತ ಏರಿದರು.
ಮ್ಯಾಲೇನರ ಮರತು ಬಂದಾರೇನು ಇವರು,
ಅಂದಳು ಮೋದಿನಬಿ.
ಹೊತ್ತು ಮುಳುಗಿದ ಮ್ಯಾಲೂ ಕಲ್ಲು ಬಿಸಿ ಇತ್ತು,
ಕಡೀ ರೊಟ್ಟಿ ಇಳಿಸಿದ ಹಂಚಿನಂಗ.
ಗಿಡ್ಡ ಚಡ್ಡಿಯ ಒಂದು ಹುಡುಗಿ ಕೇಳಿತು:
“ಆಂಟಿ, ಫಸ್ಟ್ ಟೈಮಾ ಹೊರಗ ಮಲಗೋದು?”
ಅಲ್ಲವಾ, ಅಂದೆ.
ಹನ್ನೆರಡು ವರ್ಷದ ತನಕ ಮಾಳಗಿ ಮ್ಯಾಲ ಮಲಗತಿದ್ದೆ.
ಒಂದಿನ ಅವ್ವ ಹಾಸಿಗಿ ಕೆಳಗ ತಂದು ಹಾಸಿದಳು.
ಯಾಕ ಅಂತ ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ.
ಅಲ್ಲಿಂದ ಇಲ್ಲೀತನಕ
ಜಂತಿ ಎಣಿಸೀನಿ.

ರಾತ್ರಿ ಎಷ್ಟೊತ್ತಿಗೋ ಗಾಳಿ ನಿಂತಿತು.
ಮೋದಿನಬಿ ಗೊರಕಿ ಬಿಟ್ಟರ ಜಗತ್ತಿನಾಗ ಏನಿಲ್ಲ.
ಆವಾಗ ಬಂತು ಸಪ್ಪಳ,
ಒಣಗಿದ ಜ್ವಾಳದ ದಂಟು ಎಳದಾಡಿದಂಗ.
ಟೆಂಟಿನ ಸುತ್ತ ಒಂದು ಸುತ್ತು ಹಾಕಿ
ಸರಿಯಾಗಿ ನನ್ನ ತ್ಯಾಪಿ ಮುಂದ ನಿಂತಿತು.
ಮೂಸಿತು.
ಖಣ ಸ್ವಲ್ಪ ಒಳಗ ಉಬ್ಬಿತು, ಮತ್ತ ಸ್ವಲ್ಪ.
ಹೊರಗಿನದು ಉಸರ ಬಿಡತಿತ್ತು,
ಒಳಗ ನಾ ಹಿಡಕೊಂಡಿದ್ದೆ.
ನಡುವ ನೇರಳಿ ಅರಿವಿ, ಎರಡು ಪದರ.
ಮಾಳಿಂಗನ್ನ ಒದರಬಹುದಿತ್ತು. ಒದರಲಿಲ್ಲ.
ಅಂಜಿಕಿ ಇರಲಿಲ್ಲಂತಲ್ಲ,
ಅದು ನನ್ನ ಕೆಲಸ ನೋಡಾಕ ಬಂದಂಗಿತ್ತು.

ಕಣ್ಣು ತೆರದಾಗ ಬೆಳಕು
ನನ್ನ ಸೂಜಿ ತೂತಿನಾಗಿಂದ ಬರಾಕತ್ತಿತ್ತು.
ಉಳಿದ ಟೆಂಟೆಲ್ಲ ಕುರುಡು.
ತ್ಯಾಪಿ ಸುತ್ತ ಅಷ್ಟ, ಸಾಲುಗಟ್ಟಿದ ಚಿಕ್ಕಿ,
ಇಂಚಿಗೆ ಹನ್ನೆರಡು.
ಒಂದು ಮೂಲ್ಯಾಗ ಸಾಲು ಸೊಟ್ಟ ಹೋಗಿತ್ತು.
ಅದನ್ನ ಮೋದಿನಬಿಗೆ ತೋರಿಸಲಿಲ್ಲ.

ಹೊರಗ ಬಿದ್ದಿತ್ತು ಒಂದು ಮುಳ್ಳು,
ಕಪ್ಪು ಬಿಳಿ ಪಟ್ಟಿ, ಗೇಣುದ್ದ.
ಮುಳ್ಳಹಂದಿ, ಅಂದ ಮಾಳಿಂಗ.
ಹೊಲಿಗಿ ರೊಕ್ಕ ಅರವತ್ತು ಕೊಟ್ಟ, ಇಸಗೊಂಡೆ.

ಈಗ ಕಾಲರಿನ ಮೂಲಿ ಹೊರಳಿಸಾಕ ಅದ ಮುಳ್ಳು.
ಕತ್ತರಿ ತುದೀಗಿಂತ ಚಲೋ,
ಅರಿವಿ ಹರಿಯೂದಿಲ್ಲ.
ಹೊಲಸಾಕ ಬಂದವರು ಏನಿದು ಅಂದ್ರ
ಮೋದಿನಬಿ ನನ್ನ ಮುಖ ನೋಡತಾಳ,
“ಲಗ್ನದ ಮನಿಯಾಗ ಕೊಟ್ರು” ಅಂತಾಳ.

ಎರಡು ಶುಕ್ರವಾರ ಆತು, ಮಾಳಿಂಗ ಬಂದಿಲ್ಲ.
ಬಾದಾಮಿ ಮಂಗ್ಯಾಗೋಳಿಗೆ
ಏನು ಧಾಡಿ ಬಡದೈತೋ ಏನೋ.