ಕೈ ಬಿಡುವ ತರಬೇತಿ

ಇನ್ವರ್‌ಕಾರ್ಗಿಲ್, ಜುಲೈ ತಿಂಗಳು. ದಕ್ಷಿಣದ ಗಾಳಿಗೆ
ಇಲ್ಲಿ ಮರಗಳೂ ಬಾಗಿಯೇ ಬೆಳೆಯುತ್ತವೆ.
ಮಂಗಳವಾರ ಸಂಜೆ ಆರು, ಸಮುದಾಯ ಭವನ.
ಮೇಜಿನ ಮೇಲೆ ಯಾರದೋ ಹುಟ್ಟುಹಬ್ಬದ ಕೇಕಿನ ಪುಡಿ.
ಎದೆಗಂಟಿಸಿದ ಚೀಟಿಯಲ್ಲಿ ನಾನು: ನೈರೀ ಮೆಕ್ರೇ.
ವಯಸ್ಸು ಯಾರೂ ಕೇಳಲಿಲ್ಲ. ಐವತ್ತೊಂದು.

ಇಪ್ಪತ್ತಾರು ವರ್ಷ ಮಾಂಸದ ಕಾರ್ಖಾನೆಯಲ್ಲಿ ನಿಂತವಳು.
ತಲೆಯ ಮೇಲಿನ ಸರಪಳಿಗೆ ತೂಗುಬಿದ್ದ ಕುರಿಗಳು
ನಿಮಿಷಕ್ಕೆ ಎಂಟು, ಒಮ್ಮೊಮ್ಮೆ ಒಂಬತ್ತು.
ಸರಪಳಿ ಯಾರಿಗೂ ಕಾಯುವುದಿಲ್ಲ,
ಸೀನು ಬಂದರೂ, ಅವ್ವ ಹೋದ ಸುದ್ದಿ ಬಂದರೂ.
ಕಣ್ಣು ಕಾಣುವ ಮೊದಲೇ ಕೈ ಮುಗಿಸಿರಬೇಕು.
ಕಾರ್ಖಾನೆಗೆ ಬೀಗ ಬಿದ್ದ ದಿನ
ಚಾಕು, ಬೂಟು, ಬಿಳಿ ಟೋಪಿ ಒಪ್ಪಿಸಿ ಸಹಿ ಹಾಕಿದೆ.
ಕೈ ಮಾತ್ರ ನನ್ನಲ್ಲೇ ಉಳಿಯಿತು.

ಲೆಯಾವಾಸಾ ಮೇಡಂ ಸಮೋವಾದವರು,
ಕಿವಿಯ ಹಿಂದೆ ಪ್ಲಾಸ್ಟಿಕ್ ದಾಸವಾಳ, ಕೊರಳಲ್ಲಿ ಸ್ಟಾಪ್‌ವಾಚು.
ಮೊದಲ ದಿನ ಹೇಳಿದ್ದು ಇಷ್ಟೇ:
‘ಮಗುವಿಗೆ ಒಂದು ಮಾತು ಹೇಳಿ. ಆಮೇಲೆ ಹತ್ತು ಎಣಿಸಿ.
ನಡುವೆ ಕೈ ಹಾಕಿದಿರೋ, ಕೆಲಸ ನಿಮ್ಮದಾಯಿತು.’
ನಾವು ಹನ್ನೆರಡು ಮಂದಿ ಸರದಿಯಂತೆ ಮಕ್ಕಳಾದೆವು.
ನನ್ನ ಪಾಲಿಗೆ ಬಂದವನು ಡುಗಾಲ್ಡ್, ಬಸ್ಸು ಓಡಿಸಿ ನಿವೃತ್ತ,
ಈಗ ಕೋಟಿನ ಜಿಪ್ಪು ಹಾಕಲು ಬಾರದ ಕೂಸು.
‘ಜಿಪ್ಪು ಹಾಕು’ ಅಂದೆ. ಒಂದು. ಎರಡು.
ಮೂರಕ್ಕೆ ಜಿಪ್ಪು ಅವನ ಗಡ್ಡದ ತನಕ ಏರಿತ್ತು.
ಕೊಠಡಿಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ.
‘ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂರಮ್ಮ’ ಎಂದರು.

ಮನೆಯಲ್ಲಿ ಬೆಕ್ಕಿನ ಮೇಲೆ ಅಭ್ಯಾಸ ಮಾಡಿದೆ.
ಹತ್ತು ಎಷ್ಟು ಉದ್ದ, ಗೊತ್ತೆ?
ಸುಮಾರು ಒಂದೂವರೆ ಕುರಿ.

ಕೈ ಬಿಡುವುದೆಂದರೆ ಕೆಟ್ಟ ಮಾತೆಂದೇ ತಿಳಿದಿದ್ದೆ.
ಗಂಡ ಬಿಟ್ಟ, ಕಾರ್ಖಾನೆ ಬಿಟ್ಟಿತು.
ಇಲ್ಲಿ ಅದಕ್ಕೂ ಅಂಕ ಕೊಡುತ್ತಾರೆ.
ನನಗೆ ಐದಕ್ಕೆ ಎರಡು.

ಆಗಸ್ಟಿನಲ್ಲಿ ಶಾಲೆಗೆ ಕಳಿಸಿದರು. ಕೊಠಡಿ ನಾಲ್ಕು.
ಇಹಾಯ, ಎಂಟು ವರ್ಷ, ಮಾತಿಲ್ಲ.
ಸೊಂಟದಲ್ಲಿ ಬೀಗದ ಕೈಯಂತೆ ಚಿತ್ರಗಳ ಗೊಂಚಲು:
ನೀರು, ಶೌಚ, ಜೋಕಾಲಿ, ಸಾಕು.
ಅವನಿಗೆ ಬಾರದ್ದು ಕಡತದಲ್ಲಿ ಮೂರು ಪುಟ ಇದೆ.
ಗಾಳಿ ದಿಕ್ಕು ಬದಲಿಸುವುದು
ನಮಗಿಂತ ಮೊದಲೇ ಅವನ ಕಿವಿಗೆ ತಿಳಿಯುತ್ತದೆ,
ಅದನ್ನು ಯಾರೂ ಬರೆದಿಲ್ಲ.
ಒಂದು ವಾರ ನನ್ನ ಮುಖ ನೋಡಲಿಲ್ಲ.
ನೋಡಿದ್ದು ನನ್ನ ಎಡ ಹೆಬ್ಬೆರಳನ್ನು,
ಚಾಕು ಜಾರಿದ ಚಳಿಗಾಲದ ಬಿಳಿ ಗೆರೆಯನ್ನು.

‘ಅವನ ಕೈಯ ಮೇಲೆ ನಿನ್ನ ಕೈ ಬೇಡ’ ಎಂದಿದ್ದರು ಮೇಡಂ,
‘ಕೆಳಗಿರಲಿ, ಬಟ್ಟಲಿನ ಅಡಿಯ ತಟ್ಟೆಯ ಹಾಗೆ.
ಬೇಡವೆನಿಸಿದಾಗ ಅವನು ಎತ್ತಿಕೊಳ್ಳುವಂತಿರಬೇಕು.’
ಸರಿ. ಹಾಗೆಯೇ ಬಣ್ಣ ಬಳಿದೆವು, ಹಾಗೆಯೇ ಬಾಗಿಲು ತೆರೆದೆವು,
ಹಾಗೆಯೇ ಒಮ್ಮೆ ಅವನು ನನ್ನನ್ನು ಕಚ್ಚಿದ.
ಅದನ್ನೂ ಬರೆದೆ: ಸಮಯ, ಸ್ಥಳ, ಅದಕ್ಕೂ ಮೊದಲು ಏನಾಯಿತು.
ಮೊದಲು ಆದದ್ದು ಗಂಟೆಯ ಸದ್ದು.

ನಿನ್ನೆ ಊಟದ ಡಬ್ಬಿಯ ಮುಚ್ಚಳ ಬಿಗಿದಿತ್ತು.
‘ತೆಗಿ’ ಅಂದೆ, ಎರಡೂ ಕೈ ತೊಡೆಯ ಕೆಳಗೆ.
ನಾಲ್ಕಕ್ಕೆ ಉಗುರು ಜಾರಿತು. ಐದಕ್ಕೆ ಹಲ್ಲು ಹಚ್ಚಿದ.
ಒಳಗೆ ನನ್ನ ಇಪ್ಪತ್ತಾರು ವರ್ಷ ಎದ್ದು ನಿಂತವು.
ಏಳಕ್ಕೆ ಡಬ್ಬಿ ಕೆಳಗಿಟ್ಟ,
ನನ್ನ ತೊಡೆಯ ಕೆಳಗಿಂದ ಎಡಗೈ ಎಳೆದ,
ಮರೆತ ಸಾಮಾನನ್ನು ಎಳೆದುಕೊಳ್ಳುವ ಹಾಗೆ,
ಆ ಬಿಳಿ ಗೆರೆ ಮೇಲಕ್ಕೆ ಬರುವಂತೆ ಮುಚ್ಚಳದ ಮೇಲಿಟ್ಟು
ಕಾದ.

ಗೊಂಚಲಿನಲ್ಲಿ ಸಹಾಯದ ಚಿತ್ರವೇ ಇರಲಿಲ್ಲ.
ತೆರೆದದ್ದು ಯಾರು ಎಂಬ ಅಂಕಣ ಖಾಲಿ ಬಿಟ್ಟೆ,
ಮೇಡಂ ಏನು ಬೇಕಾದರೂ ಹಾಕಿಕೊಳ್ಳಲಿ.
ಮುಚ್ಚಳ ಬಂತು. ಬ್ರೆಡ್ಡು, ಚೀಸು, ಅರ್ಧ ಸೇಬು.
ಅವನು ಗೊಂಚಲು ತಡಕಿ ‘ಸಾಕು’ ತೋರಿಸಿದ,
ಮುಖ ಸೇಬಿನತ್ತ.
ನಾನು ಕೈಯನ್ನು ಮತ್ತೆ ತೊಡೆಯ ಕೆಳಗಿಟ್ಟೆ.
ಜಾಗ ಇನ್ನೂ ಬೆಚ್ಚಗಿತ್ತು.