ನಾಕು ಬೆರಳು

ಗಯಾತಿ ದಾಟಿ ಹನ್ನೊಂದು ಕಿಲೋಮೀಟರ್,
ಡಾಂಬರು ಮುಗದ ಮ್ಯಾಲ
ಮರಳಿನಾಗ ಟಾಯರಿನ ಗುರುತು ಹಿಡದು ಬರಬೇಕು.
ತಗಡಿನ ಗ್ವಾಡಿ, ನೀರಿನ ಟ್ಯಾಂಕು, ನಾಕು ಗಾಫ್ ಗಿಡ,
ಒಂಬತ್ತು ಸಲೂಕಿ ನಾಯಿ, ಮತ್ತ ನಾನು.
ವೀಸಾದಾಗ ನಾ ಒಂಟಿ ಕಾಯಾಂವ.
ಒಂಟಿ ಕಾಯಾಂವ ಬ್ಯಾರೆ ಅದಾನ, ಸುಡಾನದ ಇದ್ರೀಸ.
ಯಮನಪ್ಪ ಅನ್ನಾಕ ಬಾರದ ಸುಹೈಲ ಮುದುಕ
ಯಮನೀ ಅಂತ ಕರೀತಾನ, ಯೆಮೆನ್ ದೇಶದಾಂವನ್ನ ಕರದಂಗ.
ಓ ಅಂತೀನಿ.

ಅವತ್ತು ದುಬೈಯಿಂದ ಒಬ್ಬಾಕಿ ಬಂದ್ಲು.
ಕಾರಿನ ಏಸಿ ಬಂದ್ ಮಾಡದ ಇಳದು
ಮರಿ ನೋಡಿದ್ಲು, ಮತ್ತೊಮ್ಮೆ ನೋಡಿದ್ಲು,
ಪೇಪರ್? ಅಂದ್ಲು.
ಯಾವ ಕ್ಲಬ್ಬಿನಾಗ ಹೆಸರು ಹಚ್ಚೀರಿ,
ಅಜ್ಜನ ನಂಬರೇನು, ಮುತ್ತಜ್ಜಿ ನಂಬರೇನು.

ಮುದುಕ ಕಾಫಿ ಬಟ್ಟಲಾ ಅಲ್ಲಾಡಿಸಿ ಸಾಕು ಅಂದ,
ಆಮ್ಯಾಲ ಬೆರಳು ಮಡಚಕೋತ ಶುರು ಮಾಡಿದ:
ಇವುಗಳ ತಾಯಿ ಸರಾಬ್, ಸರಾಬಿನ ತಾಯಿ ರೀಮ್,
ರೀಮಿನ ತಂದಿ ನಮ್ಮ ಮಾವನ ಖತ್ತಾಫ್,
ಲಿವಾದಾಗ ಹಸದಿದ್ದ ವರ್ಷ ಒಂದ ಹಗಲಿಗೆ ಮೂರು ಮೊಲ ತಂದಾಂವ,
ಹದಿನೇಳು ಮಂದಿ ಉಂಡಿದ್ವಿ...
ಹಂಗ ಹಿಂದ, ಇನ್ನೂ ಹಿಂದ,
ಕೈ ಬೆರಳು ತೀರಿ ಕಾಲಿನ ಬೆರಳಿಗೆ ಬಂದ,
ಯಾವ ಬಾವಿ, ಯಾವ ಡೇರೆ,
ಯಾರ ಲಗ್ನಕ್ಕ ಯಾರು ಕೊಟ್ಟ ನಾಯಿ.
ಪಾಪ, ಆಕಿ ಮೊಬೈಲ್ ನೋಡಿದ್ಲು.
ಬರದದ್ದು ಏನರ ಐತೇನು?

ಬರದದ್ದು ಐತಿ.
ನನ್ನ ತಲದಿಂಬಿನ ಕೆಳಗ ಐತಿ.
ಬಕಾಲದಾಗ ತಗೊಂಡ ನೂರು ಪುಟದ ವಹಿ,
ಹದಿನಾಲ್ಕು ವರ್ಷದ್ದು, ಕನ್ನಡದಾಗ.
ಯಾವುದು ಯಾವಾಗ ಬೆದಿಗೆ ಬಂತು, ಯಾರ ಕೂಡ ಬಿಟ್ವಿ,
ಅರವತ್ತಮೂರು ದಿನ ಎಣಿಸಿ ಎಷ್ಟು ತಾಸಿಗೆ ಮೊದಲನೇ ಮರಿ,
ಯಾವುದು ಮೊಲಿ ಹಿಡೀಲಿಲ್ಲ,
ಯಾವುದನ್ನ ಗಿಡದ ಬುಡಕ್ಕ ಹುಗದ್ವಿ.
ತಂದು ಕೊಟ್ಟೆ. ಹಾಳಿ ಹಿಂದ ಮುಂದ ತಿರವಿ
ಇದು ತಮಿಳೇನು ಅಂದ್ಲು.

ಆಕಿ ಕಾರಿನ ಧೂಳು ಭಾಳೊತ್ತು ಇಳೀಲಿಲ್ಲ.

ಒಂದಕ್ಕ ಚಲೋ ಆತು.
ಕಡೀ ಹಾಳಿ ಆಕಿಗೆ ಓದಾಕ ಬಂದಿದ್ರ
ಹಿಂಗ ಐತಿ ಅದರಾಗ:
ಹನ್ನೊಂದನೇ ತಾರೀಖು, ಗಾಳಿ ಎದ್ದ ರಾತ್ರಿ, ತಗಡು ಬಿದ್ದೈತಿ.
ಇದ್ರೀಸನ ಕಂದು ನಾಯಿ, ಕಿವಿ ಹರದದ್ದು,
ಎಲ್ಲಿಂದ ಬಂತೋ ಅವಗೂ ಗೊತ್ತಿಲ್ಲದ್ದು,
ಸರಾಬಿನ ಕೂಡ ಗಂಟು ಬಿದ್ದೈತಿ.
ನೀರು ಹೊಡೀಬಾರದು, ಜಗ್ಗಬಾರದು,
ಲೋಕಾಪುರದಾಗ ಅಪ್ಪ ಹೇಳತಿದ್ದ, ಕಾಯಬೇಕು ಅಷ್ಟ.
ಅಪ್ಪನ ನಾಯಿಗೂ ಕಾಗದ ಇರಲಿಲ್ಲ, ಓಡತಿದ್ವು.
ಕಣ್ಣಾಗ ಉಸುಕು ತುಂಬಕೊಂಡು ಇಪ್ಪತ್ತು ಮಿನಿಟು
ಎರಡಕ್ಕೂ ಒಂದ ಕಂಬಳಿ ಹಿಡದು ನಿಂತೆ.
ಎರಡು ದಿನದ ಮ್ಯಾಲ ಮುದುಕ ಹೇಳಿದಂಗ
ಬರಾಕನ ಕೂಡ ಬಿಟ್ವಿ.
ಮುದುಕಗ ಹೇಳಲಿಲ್ಲ. ವಹಿಗೆ ಹೇಳಿದೆ.

ಐದು ಮರಿ ದಾರದಂಥ ಬಾಲದವು.
ಆರನೇದರ ತಲಿ ಅಗಲ, ಕಾಲು ಗಿಡ್ಡ,
ಎಲ್ಲಾದಕ್ಕಿಂತ ಮೊದಲ ಕಣ್ಣು ತೆರೀತು.

ಸಂಜಿಗೆ ಮುದುಕ ಮದರಂಗಿ ಕಲಸಾಕ ಹೇಳಿದ.
ಉಸುಕು ಸುಡಬಾರದು ಅಂತ ಪಾದಕ್ಕ ಹಚ್ಚೂದು.
ಅವನ ಕಣ್ಣಾಗ ಪೊರಿ ಬಂದೈತಿ, ಕೈಯಿಂದ ನೋಡತಾನ.
ಒಂದೊಂದ ಮರೀನ ತೊಡಿ ಮ್ಯಾಲ ತಗೊಂಡು
ಸೊಂಟದ ಎರಡು ಎಲುಬಿನ ನಡುವ ಬೆರಳು ಇಡತಾನ.
ದೊಡ್ಡದಾದ್ರ ಅಲ್ಲಿ ನಾಕು ಬೆರಳು ಹಿಡೀಬೇಕು,
ಮರಿ ಇದ್ದಾಗ ಎಷ್ಟು ಅನ್ನೂದು ಅವಗಷ್ಟ ಗೊತ್ತು.
ಆರನೇದರ ಮ್ಯಾಲ ಕೈ ನಿಂತು ಬಿಡತು.

ಗಾಳಿ ರಾತ್ರಿ, ಅಂದ.
ಕೇಳಲಿಲ್ಲ, ಅಂದ.
ನಾ ಮದರಂಗಿ ಕಲಸೂದು ನಿಲ್ಲಸಲಿಲ್ಲ.
ಬರದೀ ಏನು?
ಬರದೀನಿ.
ಆತ ಮರಿಯ ಮುಂಗಾಲು ನನ್ನ ಕಡೆ ಚಾಚಿ ಹಿಡದ.
ಹಚ್ಚಿದೆ. ಮರಿ ಅರ್ಧ ನೆಕ್ಕಿ ಸೀನಿತು.
ನಾಳೆ ಯಾರರ ಬಂದು ಕೇಳಿದ್ರ ನಾ ಹ್ಯಾಂಗ ಎಣಿಸಲಿ ಯಮನೀ,
ಹೋಗು, ಆ ನಾಯಿ ಹೆಸರೇನು ಕೇಳಿ ಬಾ.

ಇದ್ರೀಸ ಒಲಿ ಮುಂದ ಕುಂತು ರೊಟ್ಟಿ ಸುಡತಿದ್ದ.
ಹೆಸರಾ? ಅಂತ ನಕ್ಕ.
ಏಯ್ ಅಂತೀನಿ, ಬರತೈತಿ.

ವಹಿ ತೆಗದು ಕಡೀ ಸಾಲಿನ ಕೆಳಗ ಬರದೆ:
ತಂದಿ, ಏಯ್.